ಬೆನ್ನ ಮೇಲೆ ಹಳದಿ ಚೌಕ: ಹೊಸಬರ ಮೊದಲ ಕಾರ್ ರೇಸ್ ಹೇಗೆ ನಡೆಯುತ್ತದೆ?

ಶನಿವಾರ ಬೆಳಗ್ಗೆ ಏಳು ಗಂಟೆ. ಇಂಗ್ಲೆಂಡಿನ ಕೆಂಟ್ ಜಿಲ್ಲೆಯ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕ್. ನನ್ನ ಕಾರಿನ ಹಿಂಭಾಗದಲ್ಲಿ ಕೂತಿದ್ದ ಇಬ್ಬನಿ ಒರೆಸಿ, ಒಂದು ಹಳದಿ ಸ್ಟಿಕ್ಕರ್ ಅಂಟಿಸಿದೆ. ಹೆಚ್ಚುಕಡಿಮೆ ಒಂದು ಗೇಣು ಅಗಲದ ಚೌಕ. ಅದರ ಮೇಲೆ ಕಪ್ಪು ಬಣ್ಣದಲ್ಲಿ ದೊಡ್ಡ ಗುಣಾಕಾರದ ಚಿಹ್ನೆ. ನಮ್ಮೂರಿನ ಡ್ರೈವಿಂಗ್ ಸ್ಕೂಲ್ ಕಾರಿನ 'ಎಲ್' ಬೋರ್ಡ್ ಇದ್ದಹಾಗೆ. ಈ ಕಾರಿನಲ್ಲಿರುವವರು ಹೊಸಬರು, ಸ್ವಲ್ಪ ನೋಡ್ಕೊಂಡು ಹೋಗಿ ಅಂತ ಹಿಂದಿನವರಿಗೆ ಹೇಳುವ ಗುರುತು ಅದು. ಒಂದಷ್ಟು ರೇಸ್ ಸರಿಯಾಗಿ ಮುಗಿಸಿ ಅಧಿಕಾರಿಗಳ ಒಪ್ಪಿಗೆ ಪಡೆಯುವ ತನಕ ಅದನ್ನು ತೆಗೆಯುವಂತಿಲ್ಲ.

ರೇಸ್ ಅಂದ್ರೆ ವೇಗ ಅಂತಲೇ ನಾನೂ ಅಂದುಕೊಂಡಿದ್ದೆ. ಎರಡು ದಿನ ಅಲ್ಲಿ ಕಳೆದ ಮೇಲೆ ಬೇರೆಯೇ ಒಂದು ವಿಷಯ ತಿಳಿಯಿತು. ನೂರೈವತ್ತು ಕಿಲೋಮೀಟರ್ ವೇಗದಲ್ಲಿ, ಮುಖ ಪರಿಚಯವೂ ಇಲ್ಲದ ಇಪ್ಪತ್ತು ಮೂವತ್ತು ಜನ ಮೊಳದಂತರದಲ್ಲಿ ಓಡಬೇಕು. ಹಾಗೆ ಓಡಿ ಎಲ್ಲರೂ ಮನೆಗೆ ಕ್ಷೇಮವಾಗಿ ಹೋಗಬೇಕಾದರೆ, ನಾನು ಮುಂದೆ ಏನು ಮಾಡುತ್ತೇನೆ ಅನ್ನೋದು ಪಕ್ಕದವರಿಗೆ ಮೊದಲೇ ಗೊತ್ತಾಗಬೇಕು. ಇಡೀ ವಾರಾಂತ್ಯದ ಏರ್ಪಾಡು ನಿಂತಿರೋದೇ ಇದರ ಮೇಲೆ. ಅದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಇದು ಯಾರ ಆಟ ಅಂತ ನೋಡೋಣ. ಟಿವಿಯಲ್ಲಿ ಕಾಣುವ ಫಾರ್ಮುಲಾ ಒನ್‌ಗೂ ಇದಕ್ಕೂ ಸಂಬಂಧ ಕಡಿಮೆ. ಇಲ್ಲಿ ಪ್ಲಂಬರ್, ಶಾಲಾ ಮೇಷ್ಟ್ರು, ಸಾಫ್ಟ್‌ವೇರ್ ಎಂಜಿನಿಯರ್, ನಿವೃತ್ತರು, ಎಲ್ಲರೂ ಇರುತ್ತಾರೆ. ಕಾರು ಅವರದೇ, ಖರ್ಚೂ ಅವರದೇ. ಪ್ರವೇಶ ಶುಲ್ಕಕ್ಕೇ ಕೆಲವು ನೂರು ಪೌಂಡ್ ಹೋಗುತ್ತದೆ. ಟೈರು, ಪೆಟ್ರೋಲು, ಬ್ರೇಕ್ ಪ್ಯಾಡು ಬೇರೆ. ಗೆದ್ದರೆ ಸಿಗೋದು ಒಂದು ಸಣ್ಣ ಟ್ರೋಫಿ. ಕರಾವಳಿಯ ಕಂಬಳದಲ್ಲಿ ಕೋಣಗಳನ್ನು ಮಕ್ಕಳ ಹಾಗೆ ಸಾಕಿ ಗದ್ದೆಗೆ ಇಳಿಸುವವರನ್ನು ನೋಡಿದ್ದೀರಲ್ವಾ? ಅವರು ಲಾಭ ನಷ್ಟದ ಲೆಕ್ಕ ಹಾಕಿ ಸಾಕುವುದಿಲ್ಲ. ಈ ಪ್ಯಾಡಕ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸಿ ಸಜ್ಜು ಮಾಡುವ ಜಾಗ) ಟೆಂಟ್ ಹಾಕಿಕೊಂಡು ನಟ್ಟು ಬೋಲ್ಟು ಬಿಗಿಯುತ್ತಾ ಕೂತವರನ್ನು ನೋಡಿದಾಗ ನನಗೆ ನೆನಪಾದದ್ದು ಅವರೇ.

ಇದನ್ನೆಲ್ಲ ನಡೆಸುವುದು ಕ್ಲಬ್‌ಗಳು. ಉದಾಹರಣೆಗೆ 750 ಮೋಟಾರ್ ಕ್ಲಬ್ ಶುರುವಾದದ್ದು 1939ರಲ್ಲಿ. ಆಸ್ಟಿನ್ 7 ಅನ್ನುವ ಪುಟ್ಟ ಕಾರಿನ 747 ಸಿಸಿ ಎಂಜಿನ್‌ನಿಂದ ಆ ಹೆಸರು ಬಂತು. ಕಡಿಮೆ ದುಡ್ಡಿನಲ್ಲಿ ಕಾರು ಕಟ್ಟಿ ಓಡಿಸುವುದು ಅವರ ಉದ್ದೇಶ. ಮುಂದೆ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚ್ಯಾಪ್‌ಮನ್ ಕೂಡ ಹಳೇ ಆಸ್ಟಿನ್ 7 ಒಂದನ್ನು ಬಿಚ್ಚಿ ಜೋಡಿಸುತ್ತಲೇ ಈ ಲೋಕಕ್ಕೆ ಬಂದವರು. ಈಗ ಹೊಸಬರು ಜಾಸ್ತಿ ಆರಿಸಿಕೊಳ್ಳುವ ಕಾರುಗಳಲ್ಲಿ ಮಾಜ್ದಾ ಎಂಎಕ್ಸ್-5 ಒಂದು. ನನ್ನದೂ ಅದೇ. ಹಗುರ, ಹಿಂದಿನ ಚಕ್ರಕ್ಕೆ ಎಂಜಿನ್ ಬಲ, ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಎಲ್ಲರದೂ ಒಂದೇ ಥರದ ಕಾರು ಆದ್ದರಿಂದ ದುಡ್ಡಿನ ಆಟ ಸ್ವಲ್ಪ ಕಡಿಮೆ, ಕೈಚಳಕ ಜಾಸ್ತಿ.

ರಸ್ತೆಯ ಲೈಸೆನ್ಸ್ ಇದ್ದರೆ ಸಾಲದು. ಇಲ್ಲಿ ಮೋಟಾರ್‌ಸ್ಪೋರ್ಟ್ ಯುಕೆ ಅನ್ನುವ ಸಂಸ್ಥೆ ಕೊಡುವ ರೇಸ್ ಲೈಸೆನ್ಸ್ ಬೇಕು. ಅದಕ್ಕೆ ಒಂದು ದಿನದ ಪರೀಕ್ಷೆ ಇದೆ. ತರಬೇತುದಾರರು ಪಕ್ಕದಲ್ಲಿ ಕೂತು ಓಡಿಸೋದನ್ನು ನೋಡುತ್ತಾರೆ. ಆಮೇಲೆ ಪ್ರಶ್ನೆಪತ್ರಿಕೆ. ಅದರಲ್ಲಿ ಬಾವುಟಗಳ ಪ್ರಶ್ನೆ ಒಂದೂ ತಪ್ಪುವಂತಿಲ್ಲ. ಎಷ್ಟೇ ಚೆನ್ನಾಗಿ ಓಡಿಸಿ, ಬಾವುಟ ಗೊತ್ತಿಲ್ಲದಿದ್ದರೆ ಫೇಲ್. ನಮ್ಮ ದೇಶದಲ್ಲಿ ಈ ಲೈಸೆನ್ಸ್ ಕೊಡುವುದು ಮೋಟಾರ್ ಕ್ರೀಡೆಗಳ ಒಕ್ಕೂಟವಾದ ಎಫ್ಎಂಎಸ್‌ಸಿಐ. ಬೆಂಗಳೂರಿನವರಿಗೆ ಹತ್ತಿರದ ದೊಡ್ಡ ಟ್ರ್ಯಾಕ್ ಅಂದರೆ ಚೆನ್ನೈ ದಾರಿಯಲ್ಲೇ ಸಿಗುವ ಇರುಂಗಾಟ್ಟುಕೋಟ್ಟೈ; 3.717 ಕಿ.ಮೀ. ಉದ್ದ, ಹನ್ನೆರಡು ತಿರುವು. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಬಾವುಟದ ಭಾಷೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ, ಹಾಗಾಗಿ ಮುಂದೆ ಹೇಳುವುದು ಅಲ್ಲಿಗೂ ಹೊಂದುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ನಡೆಯುವುದು ರ‍್ಯಾಲಿ. ಅದರಲ್ಲಿ ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ, ಪೈಪೋಟಿ ಗಡಿಯಾರದ ಜೊತೆ. ರೇಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಈ ಒಂದು ವ್ಯತ್ಯಾಸದಿಂದಲೇ ಎಲ್ಲವೂ ಬದಲಾಗುತ್ತದೆ.

ಶನಿವಾರದ ಮೊದಲ ಕೆಲಸ ಕಾರಿನ ತಪಾಸಣೆ. ಇಲ್ಲಿ ಅದನ್ನು ಸ್ಕ್ರೂಟಿನೀರಿಂಗ್ ಅನ್ನುತ್ತಾರೆ. ವಯಸ್ಸಾದ ಒಬ್ಬರು ಟಾರ್ಚ್ ಹಿಡಿದು ಬಂದರು. ಬ್ಯಾಟರಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದರು. ಸೀಟ್ ಬೆಲ್ಟಿನ ಮೇಲೆ ಹೊಲಿದಿದ್ದ ಅವಧಿಯ ಚೀಟಿ ಓದಿದರು. ಚಾಲಕನ ಸುತ್ತ ಕಬ್ಬಿಣದ ಕೊಳವೆಗಳ ಪಂಜರ ಇರುತ್ತದೆ, ಕಾರು ಪಲ್ಟಿ ಹೊಡೆದರೂ ಚಾವಣಿ ತಲೆ ಮೇಲೆ ಕುಸಿಯಬಾರದು ಅಂತ. ಅದರ ಬೋಲ್ಟುಗಳನ್ನೆಲ್ಲ ಮುಟ್ಟಿ ನೋಡಿದರು. ಕಾರಿನ ಹೊರಗೆ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಗುರುತು ಇರುತ್ತದೆ. ಅಲ್ಲಿರುವ ಸ್ವಿಚ್ಚು ತಿರುಗಿಸಿದರೆ ಎಂಜಿನ್ ನಿಂತು, ಕರೆಂಟ್ ಪೂರ್ತಿ ಕಡಿತ. ಅಪಘಾತದಲ್ಲಿ ಒಳಗಿರುವವರಿಗೆ ಕೈಯಾಡದಿದ್ದರೆ ಹೊರಗಿನವರು ಬಂದು ಅದನ್ನು ತಿರುಗಿಸುತ್ತಾರೆ. ಅದಕ್ಕೇ ಎಲ್ಲ ಕಾರಿನಲ್ಲೂ ಒಂದೇ ಗುರುತು. ಯಾರ ಕಾರಾದರೂ ಹುಡುಕುತ್ತಾ ನಿಲ್ಲಬಾರದು.

ಬ್ರೇಕ್ ತುಳಿ ಅಂದರು, ತುಳಿದೆ. ಒಂದು ಕಡೆಯ ಬ್ರೇಕ್ ಲೈಟ್ ಹತ್ತಲಿಲ್ಲ. ಅವರು ಹೇಳಿದ್ದು ಇಷ್ಟೇ: ನಿನ್ನ ಹಿಂದೆ ಬರುವವರು ನೀನು ಯಾವಾಗ ನಿಧಾನ ಆಗ್ತೀಯ ಅಂತ ತಿಳಿಯುವುದು ಇದರಿಂದ. ಪಕ್ಕದ ಟೆಂಟಿನವರು ಡಬ್ಬಿಯಿಂದ ಒಂದು ಬಲ್ಬ್ ತೆಗೆದು ಕೈಗಿಟ್ಟರು. ಮಧ್ಯಾಹ್ನ ನನ್ನ ಎದುರಾಳಿ ಆಗಬೇಕಾದವರು ಅವರು. ಬಲ್ಬ್ ಹಾಕಿ ಮತ್ತೆ ತೋರಿಸಿದ ಮೇಲೆ ಪಾಸಾದ ಸ್ಟಿಕ್ಕರ್ ಸಿಕ್ಕಿತು. ಹೆಲ್ಮೆಟ್, ಬೆಂಕಿ ತಡೆಯುವ ಬಟ್ಟೆ, ಕತ್ತು ಜೋರಾಗಿ ಮುಂದಕ್ಕೆ ಬಾಗದಂತೆ ಹೆಲ್ಮೆಟ್ಟಿಗೆ ಸಿಕ್ಕಿಸುವ ಪಟ್ಟಿ, ಇವುಗಳಿಗೂ ಬೇರೆ ತಪಾಸಣೆ ಇದೆ.

ಆಮೇಲೆ ಹೊಸಬರಿಗೆ ಮಾತ್ರ ಒಂದು ಸಭೆ. ನಡೆಸುವವರು ಕ್ಲರ್ಕ್ ಆಫ್ ದ ಕೋರ್ಸ್. ಹೆಸರು ಕೇಳಿ ಗುಮಾಸ್ತರು ಅಂದುಕೊಳ್ಳಬೇಡಿ. ಆ ದಿನದ ಮಟ್ಟಿಗೆ ಟ್ರ್ಯಾಕಿನ ಯಜಮಾನರೇ ಅವರು. ರೇಸ್ ನಿಲ್ಲಿಸುವುದು, ದಂಡ ಹಾಕುವುದು, ಕಾರು ಹೊರಗೆ ಕರೆಸುವುದು, ಎಲ್ಲ ಅವರ ಕೈಯಲ್ಲಿ. ಸಭೆಯಲ್ಲಿ ಅವರು ವೇಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿ ಯಾರಾದರೂ ಬಂದಿದ್ದರೆ ಒಂದು ಕಾರಿನಷ್ಟು ಜಾಗ ಬಿಡಬೇಕು. ಹಿಂದಿನವರನ್ನು ತಡೆಯಲು ಹಾವಿನ ಹಾಗೆ ಹೊರಳಾಡುವಂತಿಲ್ಲ, ಒಂದು ಸಲ ದಾರಿ ಬದಲಿಸಬಹುದು ಅಷ್ಟೇ. ಹಿಂದಿನಿಂದ ವೇಗದ ಕಾರು ಬಂದರೆ ಪಕ್ಕಕ್ಕೆ ಸರಿಯಲೂ ಬೇಡ, ಗಾಬರಿಯಾಗಿ ಬ್ರೇಕೂ ಹಾಕಬೇಡ, ನಿನ್ನ ದಾರಿಯಲ್ಲಿ ನೀನು ಹೋಗು. ದಾಟುವ ಜವಾಬ್ದಾರಿ ದಾಟುವವರದು. ಈ ಕೊನೆಯ ಮಾತು ನನಗೆ ಬಹಳ ಹೊಸದು. ಹಾಸನದ ಕಡೆಯ ನಾನು ಶಿರಾಡಿ ಘಾಟಿಯಲ್ಲಿ ಹಿಂದಿನವರಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೇ ಅಭ್ಯಾಸ. ಇಲ್ಲಿ ಆ ಉಪಕಾರವೇ ಅಪಾಯ. ನಾನು ಎಡಕ್ಕೆ ಸರಿಯುತ್ತೇನೆ ಅಂತ ಹಿಂದಿನವರಿಗೆ ಹೇಗೆ ಗೊತ್ತಾಗಬೇಕು? ಅವರೂ ಎಡಕ್ಕೇ ಬಂದಿದ್ದರೆ?

ಈಗ ಟ್ರ್ಯಾಕ್. ಬ್ರ್ಯಾಂಡ್ಸ್ ಹ್ಯಾಚ್‌ನ ಚಿಕ್ಕ ಸುತ್ತಿಗೆ ಇಂಡಿ ಸರ್ಕ್ಯೂಟ್ ಅಂತ ಹೆಸರು. ಎರಡು ಕಿಲೋಮೀಟರಿಗೂ ಒಂಚೂರು ಕಡಿಮೆ. ನೆಲವೇ ಒಂದು ಬೋಗುಣಿಯ ಹಾಗಿದೆ. ದಿಬ್ಬದ ಮೇಲೆ ಚಹಾ ಹಿಡಿದು ನಿಂತರೆ ಹೆಚ್ಚುಕಡಿಮೆ ಪೂರ್ತಿ ಸುತ್ತು ಕಾಣುತ್ತದೆ. ನನ್ನಂಥ ಕಾರು ಒಂದು ಸುತ್ತು ಹಾಕಲು ಸುಮಾರು ಒಂದು ನಿಮಿಷ.

ತಿರುವಿನಲ್ಲಿ ಏನು ನಡೆಯುತ್ತದೆ ಅಂತ ತಿಳಿಯಬೇಕಾದರೆ ಟೈರಿನಿಂದ ಶುರು ಮಾಡಬೇಕು. ಒಂದೊಂದು ಟೈರೂ ನೆಲ ಮುಟ್ಟುವುದು ಅಂಗೈಯಷ್ಟು ಜಾಗದಲ್ಲಿ. ಬ್ರೇಕ್, ತಿರುಗುವುದು, ವೇಗ ಹೆಚ್ಚಿಸುವುದು, ಮೂರೂ ಆ ಅಂಗೈಯಷ್ಟು ಹಿಡಿತದಿಂದಲೇ ಆಗಬೇಕು. ಟೈರಿನ ಜೇಬಿನಲ್ಲಿ ನೂರು ರೂಪಾಯಿ ಇದೆ ಅಂದುಕೊಳ್ಳಿ. ಪೂರ್ತಿ ನೂರನ್ನೂ ಬ್ರೇಕಿಗೆ ಖರ್ಚು ಮಾಡಿದರೆ ತಿರುಗಲು ಬಿಡಿಗಾಸೂ ಇಲ್ಲ. ಆಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಅದಕ್ಕೇ ಹೊಸಬರಿಗೆ ಮೊದಲ ಪಾಠ: ಬ್ರೇಕ್ ಹಾಕುವುದನ್ನು ನೇರ ದಾರಿಯಲ್ಲೇ ಮುಗಿಸು, ಆಮೇಲೆ ತಿರುಗಿಸು. ಪಳಗಿದವರು ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ, ಉಳಿದಷ್ಟನ್ನು ತಿರುವಿಗೆ ಕೊಡುತ್ತಾ ಹೋಗುತ್ತಾರೆ. ನೂರು ರೂಪಾಯಿ ದಾಟದಂತೆ ಲೆಕ್ಕ ಇಡುವುದೇ ಅವರ ಜಾಣತನ.

ಬ್ರೇಕಿನ ಲೆಕ್ಕದಲ್ಲಿ ಇನ್ನೊಂದು ಮೋಸ ಇದೆ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒಳ್ಳೆಯ ಟೈರು, ಒಣಗಿದ ನೆಲ ಇದ್ದರೆ 80 ಕಿ.ಮೀ. ವೇಗದಿಂದ ಸುಮಾರು 25 ಮೀಟರಿನಲ್ಲಿ ನಿಲ್ಲಬಹುದು. 160ರಿಂದ ನಿಲ್ಲಲು ಹತ್ತಿರ ಹತ್ತಿರ 100 ಮೀಟರ್ ಬೇಕು. ಜೊತೆಗೆ, 150ರಲ್ಲಿ ಹೋಗುವ ಕಾರು ಒಂದೇ ಸೆಕೆಂಡಿನಲ್ಲಿ ಎರಡು ಕ್ರಿಕೆಟ್ ಪಿಚ್ಚಿನಷ್ಟು ಉದ್ದ ದಾಟಿರುತ್ತದೆ. ಒಂದು ಸೆಕೆಂಡ್ ಯೋಚನೆ ಮಾಡುತ್ತಾ ಕೂತರೆ ಅಷ್ಟು ದಾರಿ ಬ್ರೇಕೇ ಇಲ್ಲದೆ ಹೋಯಿತು ಅಂತ ಅರ್ಥ.

ಇನ್ನು ರೇಸ್ ಲೈನ್, ಅಂದರೆ ತಿರುವಿನಲ್ಲಿ ಕಾರು ಹಿಡಿಯುವ ದಾರಿ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಬಸ್ ಡ್ರೈವರ್ ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಮೊದಲು ಹೊರಗಿನ ಅಂಚಿಗೆ ಹೋಗಿ, ಅಲ್ಲಿಂದ ಒಳಕ್ಕೆ ಎಳೆದು, ಮತ್ತೆ ಹೊರಕ್ಕೆ ಬಿಡುತ್ತಾರೆ. ಅವರು ಉದ್ದದ ಬಸ್ಸು ತಿರುಗಲಿ ಅಂತ ಹಾಗೆ ಮಾಡುವುದು. ರೇಸಿನಲ್ಲಿ ಅದೇ ದಾರಿ ಬೇರೆ ಕಾರಣಕ್ಕೆ. ಹಾಗೆ ಹೋದರೆ ತಿರುವಿನ ಸುತ್ತಳತೆ ದೊಡ್ಡದಾಗುತ್ತದೆ, ದೊಡ್ಡ ತಿರುವಿನಲ್ಲಿ ಅದೇ ಟೈರು ಜಾಸ್ತಿ ವೇಗ ತಡೆದುಕೊಳ್ಳುತ್ತದೆ. ನೇರ ದಾರಿಗೆ ಸೇರುವ ತಿರುವಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಇಲ್ಲಿ ಕೊನೆಯ ತಿರುವು ಕ್ಲಾರ್ಕ್ ಕರ್ವ್. ಅದರಿಂದ ಗಂಟೆಗೆ ಮೂರು ಕಿ.ಮೀ. ಹೆಚ್ಚು ವೇಗದಲ್ಲಿ ಹೊರಬಿದ್ದರೆ ಆ ಲಾಭ ಮುಂದಿನ ನೇರದಾರಿಯಲ್ಲೆಲ್ಲ ಜೊತೆಗೆ ಬರುತ್ತದೆ. ಒಳಗೆ ನುಗ್ಗುವಾಗ ತಾಳ್ಮೆ, ಹೊರಬರುವಾಗ ಆತುರ. ನನಗೆ ಇದು ಉಲ್ಟಾ ಆಗಿತ್ತು.

ಎಲ್ಲರೂ ಇದೇ ಲೈನಿನಲ್ಲಿ ಹೋಗುವುದರಿಂದ ಇನ್ನೊಂದು ಅನುಕೂಲ ಇದೆ. ಮುಂದಿನ ಕಾರು ಎಲ್ಲಿರುತ್ತದೆ ಅಂತ ಹಿಂದಿನವರಿಗೆ ಮೊದಲೇ ಗೊತ್ತು. ಲೈನ್ ಅನ್ನೋದು ವೇಗದ ದಾರಿ ಅಷ್ಟೇ ಅಲ್ಲ, ಎಲ್ಲರೂ ಒಪ್ಪಿಕೊಂಡ ದಾರಿ ಕೂಡ.

ನೇರದಾರಿಯ ಕೊನೆಗೆ ಪ್ಯಾಡಕ್ ಹಿಲ್ ಬೆಂಡ್. ಬಲಕ್ಕೆ ತಿರುವು. ತಿರುಗಿಸುವ ಹೊತ್ತಿಗೆ ಮುಂದಿನ ರಸ್ತೆ ಕಾಣುವುದಿಲ್ಲ, ಬರೀ ಆಕಾಶ. ದಿಣ್ಣೆ ದಾಟಿದ್ದೇ ತಡ ನೆಲ ಕೆಳಕ್ಕೆ ಧುಮುಕುತ್ತದೆ, ಹೊಟ್ಟೆಯೊಳಗೆ ಜಾತ್ರೆಯ ತೊಟ್ಟಿಲಿನಲ್ಲಿ ಇಳಿದ ಹಾಗೆ. ಅಲ್ಲಿಂದ ಮತ್ತೆ ಏರಿ ಡ್ರುಯಿಡ್ಸ್ ಅನ್ನುವ ಹೇರ್‌ಪಿನ್.

ಅರ್ಹತಾ ಸುತ್ತು ಅಂದರೆ ಕ್ವಾಲಿಫೈಯಿಂಗ್, ಹದಿನೈದು ನಿಮಿಷ. ಅದರಲ್ಲಿ ಕನಿಷ್ಠ ಮೂರು ಸುತ್ತು ಮುಗಿಸಿದರೆ ಮಾತ್ರ ರೇಸಿಗೆ ಬಿಡುತ್ತಾರೆ. ಯಾರ ಸುತ್ತು ವೇಗವೋ ಅವರು ಸಾಲಿನಲ್ಲಿ ಮುಂದೆ. ನಾನು ಐದನೇ ಸುತ್ತಿನಲ್ಲಿದ್ದೆ. ಪ್ಯಾಡಕ್ ಹಿಲ್‌ಗೆ ಹಿಂದಿನ ಸುತ್ತಿಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಬಂದೆ. ನೆಲ ಜಾರಿದ ಹಾಗಾದಾಗ ಭಯವಾಯಿತು. ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಟ್ಟಿತು.

ಅಲ್ಲೇ ತಪ್ಪಾದದ್ದು. ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೇ ಆಕ್ಸಿಲರೇಟರ್ ಬಿಟ್ಟಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರವಾಗುತ್ತದೆ. ಇಳಿಜಾರು ಬೇರೆ. ಹಗುರವಾದ ಟೈರಿನ ಜೇಬಿನಲ್ಲಿ ನೂರರ ಬದಲು ಅರವತ್ತೇ ಇರುತ್ತದೆ. ಹಿಂಭಾಗ ಹೊರಕ್ಕೆ ಬೀಸಿತು, ಕಾರು ಬುಗುರಿಯ ಹಾಗೆ ತಿರುಗಿತು. ರಸ್ತೆಯಲ್ಲಿ ನಮ್ಮನ್ನು ಕಾಪಾಡುವ ಅಭ್ಯಾಸ, ಭಯವಾದರೆ ಕಾಲು ತೆಗೆ ಅನ್ನುವುದು, ಇಲ್ಲಿ ತಿರುವಿನ ನಡುವೆ ಕೈಕೊಡುತ್ತದೆ.

ಆ ಹೊತ್ತಿಗೆ ನೆನಪಾದದ್ದು ಲೈಸೆನ್ಸ್ ಪರೀಕ್ಷೆಯ ದಿನ ಹೇಳಿಕೊಟ್ಟ ಒಂದು ಮಾತು: ಕಾರು ತಿರುಗಿತು ಅಂತ ಗೊತ್ತಾದ ಕೂಡಲೇ ಎರಡೂ ಪಾದ ಒತ್ತು. ಕ್ಲಚ್ ಒತ್ತಿದರೆ ಎಂಜಿನ್ ಆರುವುದಿಲ್ಲ, ಆಮೇಲೆ ಬೇಗ ಜಾಗ ಖಾಲಿ ಮಾಡಬಹುದು. ಬ್ರೇಕ್ ಒತ್ತುವುದು ಏಕೆ? ನಿಲ್ಲಲಿಕ್ಕೆ ಮಾತ್ರ ಅಲ್ಲ. ಚಕ್ರಗಳು ಲಾಕ್ ಆಗಿ ಜಾರುವ ಕಾರು ತಾನು ಹೊರಟ ದಿಕ್ಕಿನಲ್ಲೇ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಹಿಂದಿನಿಂದ ಬರುವವರು ಅದನ್ನು ನೋಡಿ, ಇದು ಇತ್ತ ಹೋಗುತ್ತೆ, ನಾನು ಅತ್ತ ಹೋಗಬೇಕು ಅಂತ ತೀರ್ಮಾನ ಮಾಡಬಹುದು. ಬ್ರೇಕ್ ಬಿಟ್ಟುಬಿಟ್ಟರೆ ಟೈರು ಎಲ್ಲೋ ಒಂದು ಕಡೆ ಹಿಡಿದು ಕಾರು ಮತ್ತೆ ಅಡ್ಡ ನುಗ್ಗುತ್ತದೆ. ಕೈಮೀರಿ ಹೋದಾಗಲೂ ಬೇರೆಯವರಿಗೆ ತಿಳಿಯುವ ಹಾಗೆ ಹೋಗಬೇಕು. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಅರ್ಥವಾದದ್ದು ಆ ನಾಲ್ಕು ಸೆಕೆಂಡಿನಲ್ಲಿ.

ಕಾರು ಹುಲ್ಲಿನ ಮೇಲೆ ನಿಂತಿತು, ಮುಖ ಹಿಂದಕ್ಕೆ. ಬರುವ ಕಾರುಗಳು ಎದುರಿಗೇ ಕಾಣುತ್ತಿದ್ದವು. ದಿಣ್ಣೆ ದಾಟುವ ತನಕ ಅವರಿಗೆ ನಾನು ಕಾಣುವುದಿಲ್ಲ ಅಂತ ನನಗೆ ಗೊತ್ತು. ಆದರೂ ಒಂದೊಂದು ಕಾರೂ ನಿಧಾನವಾಗಿಯೇ ದಿಣ್ಣೆ ಇಳಿಯಿತು. ಯಾರೂ ಯಾರನ್ನೂ ದಾಟಲಿಲ್ಲ. ಯಾಕೆ ಅಂದರೆ ನನಗಿಂತ ಹಿಂದೆ, ಬಾವುಟ ತೋರಿಸುವ ಜಾಗದಲ್ಲಿ (ಅದಕ್ಕೆ ಪೋಸ್ಟ್ ಅನ್ನುತ್ತಾರೆ) ಕಿತ್ತಳೆ ಬಣ್ಣದ ಉಡುಪಿನವರೊಬ್ಬರು ಆಗಲೇ ಹಳದಿ ಬಾವುಟ ಬೀಸುತ್ತಿದ್ದರು. ಇವರೇ ಮಾರ್ಷಲ್‌ಗಳು. ಸಂಬಳ ಇಲ್ಲ. ಮಳೆ, ಗಾಳಿ, ಚಳಿಯಲ್ಲಿ ಸ್ವಂತ ಇಷ್ಟದಿಂದ ಬಂದು ನಿಲ್ಲುವ ಸ್ವಯಂಸೇವಕರು.

ಹಳದಿ ಬೀಸಿದರೆ ಮುಂದೆ ಅಪಾಯ, ನಿಧಾನಿಸು, ದಾಟಬೇಡ. ಎರಡು ಹಳದಿ ಒಟ್ಟಿಗೆ ಬೀಸಿದರೆ ದಾರಿಯೇ ಮುಚ್ಚಿರಬಹುದು, ನಿಲ್ಲಲು ತಯಾರಿರು. ಅಪಾಯ ದಾಟಿದ ಮೇಲೆ ಹಸಿರು. ಕೆಂಪು ಅಂದರೆ ರೇಸ್ ನಿಂತಿದೆ, ನಿಧಾನವಾಗಿ ವಾಪಸ್ ಬಾ. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ಎಣ್ಣೆಯೋ ನೀರೋ ಬಿದ್ದು ನೆಲ ಜಾರುತ್ತಿದೆ. ನೀಲಿ, ಹಿಂದೆ ವೇಗದ ಕಾರು ಇದೆ. ಕಪ್ಪಿನ ನಡುವೆ ಕಿತ್ತಳೆ ಚುಕ್ಕೆಯನ್ನು ಕಾರಿನ ನಂಬರ್ ಜೊತೆ ತೋರಿಸಿದರೆ, ನಿನ್ನ ಕಾರಿನಲ್ಲಿ ಏನೋ ಕೆಟ್ಟಿದೆ, ಒಳಗೆ ಬಾ ಅಂತ. ಓರೆಯಾಗಿ ಅರ್ಧ ಕಪ್ಪು ಅರ್ಧ ಬಿಳಿ ಇದ್ದರೆ, ನೀನು ಓಡಿಸುವ ರೀತಿ ಸರಿಯಿಲ್ಲ ಅನ್ನುವ ಎಚ್ಚರಿಕೆ. ಇಷ್ಟನ್ನು ಕಣ್ಣಂಚಿನಲ್ಲೇ ಓದಬೇಕು. ಅದಕ್ಕೇ ಪರೀಕ್ಷೆಯಲ್ಲಿ ಒಂದೂ ತಪ್ಪುವಂತಿಲ್ಲ ಅನ್ನೋದು.

ಎಲ್ಲ ಕಾರು ಹೋದ ಮೇಲೆ ಮಾರ್ಷಲ್ ಕೈಸನ್ನೆ ಮಾಡಿದರು. ನಾನು ಕಾರು ತಿರುಗಿಸಿಕೊಂಡು ಹೊರಟೆ. ಮಧ್ಯಾಹ್ನ ಕ್ಲಬ್ಬಿನ ತರಬೇತುದಾರರೊಬ್ಬರು ಕಾರಿನೊಳಗಿನ ಕ್ಯಾಮೆರಾದ ವಿಡಿಯೋ ನೋಡಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಆಗ ನಿನ್ನ ಕಣ್ಣು ಎಲ್ಲಿತ್ತು? ಬಾನೆಟ್ಟಿನ ಮುಂದೆ ಹತ್ತು ಮೀಟರಿನಲ್ಲಿತ್ತು. ದೂರ ನೋಡಿದರೆ ವೇಗ ಕಡಿಮೆ ಅನಿಸುತ್ತದೆ, ಹತ್ತಿರ ನೋಡಿದರೆ ನೆಲ ಓಡಿ ಬಂದ ಹಾಗಿರುತ್ತದೆ. ಭಯ ಬಂದದ್ದು ವೇಗದಿಂದ ಅಲ್ಲ, ನೋಟದಿಂದ. ದಿಣ್ಣೆಯಾಚೆ ರಸ್ತೆ ಕಾಣದಿದ್ದರೂ ಅದು ಎಲ್ಲಿದೆ ಅಂತ ಗೊತ್ತಲ್ವಾ, ಅಲ್ಲಿಗೇ ತಲೆ ತಿರುಗಿಸು ಅಂದರು.

ಶನಿವಾರದ ರೇಸನ್ನು ಎಲ್ಲರಿಗಿಂತ ಹಿಂದಿನಿಂದ ಶುರು ಮಾಡಿದೆ. ಮೊದಲ ರೇಸಿಗೆ ಹೊಸಬರು ಹೀಗೆ ಮಾಡುವುದು ಒಳ್ಳೆಯದು ಅಂತ ಈಗಲೂ ಹೇಳುತ್ತೇನೆ. ಸಾಲಿನ ನಡುವೆ ಸಿಕ್ಕಿಕೊಂಡರೆ ಮುಂದೆ, ಹಿಂದೆ, ಎರಡೂ ಪಕ್ಕ ಕಾರು. ಹೊಸಬರ ತಲೆಗೆ ಅಷ್ಟು ಹಿಡಿಸುವುದಿಲ್ಲ. ಕೆಂಪು ದೀಪ ಹತ್ತಿ, ಆರಿದ ಕ್ಷಣ ರೇಸ್ ಶುರು. ಹದಿನೈದು ನಿಮಿಷ. ಆ ದಿನದ ಬಗ್ಗೆ ಹೇಳಲು ಬೇರೇನಿಲ್ಲ, ಮುಗಿಸಿದೆ ಅಷ್ಟೇ.

ಭಾನುವಾರದ್ದು ನಿಜವಾದ ರೇಸ್. ನನ್ನ ಮುಂದೆ ಒಂದು ಹಸಿರು ಎಂಎಕ್ಸ್-5 ಇತ್ತು, ಅದರ ಹಿಂದೆಯೂ ಹಳದಿ ಚೌಕ. ಆರು ಸುತ್ತು ಅದರ ಹಿಂದೆಯೇ ಓಡಿದೆ. ಅವರು ಕ್ಲಾರ್ಕ್ ಕರ್ವ್‌ನಲ್ಲಿ ಬೇಗ ಆಕ್ಸಿಲರೇಟರ್ ತುಳಿದು ಹೊರಕ್ಕೆ ಜಾರುತ್ತಿದ್ದರು, ಪ್ರತಿ ಸುತ್ತೂ ಅದೇ ಜಾಗದಲ್ಲಿ. ಏಳನೇ ಸುತ್ತಿನಲ್ಲಿ ನಾನು ಅಲ್ಲಿ ಕಾದು, ನಿಧಾನವಾಗಿ ಒಳಹೋಗಿ, ಬೇಗ ಹೊರಬಿದ್ದೆ. ನೇರದಾರಿಯಲ್ಲಿ ಅವರ ಬಲಕ್ಕೆ ಬಂದೆ. ಪ್ಯಾಡಕ್ ಹಿಲ್‌ಗೆ ಇಬ್ಬರೂ ಜೊತೆಜೊತೆಗೆ ತಲುಪಿದೆವು. ಅವರು ಹೊರಗಡೆ ಸರಿಯಾಗಿ ಒಂದು ಕಾರಿನಷ್ಟು ಜಾಗದಲ್ಲಿದ್ದರು. ನಾನು ಒಳಗೆ. ಕೊನೆತನಕ ಅವರು ಅವರ ಜಾಗ ಬಿಡಲಿಲ್ಲ, ನನ್ನದಕ್ಕೂ ಬರಲಿಲ್ಲ. ತಲೆ ತಿರುಗಿಸಿ, ಕಾಣದ ರಸ್ತೆಯ ಕಡೆ ನೋಡಿದೆ. ಕಾಲು ಆಕ್ಸಿಲರೇಟರ್ ಮೇಲೇ ಇತ್ತು. ಹೊಟ್ಟೆ ಧುಮುಕಿತು, ಕಾರು ಹಿಡಿದುಕೊಂಡಿತು. ಏರು ಹತ್ತುವಾಗ ನಾನು ಮುಂದಿದ್ದೆ.

ಎರಡು ಸುತ್ತಿನ ನಂತರ ನೀಲಿ ಬಾವುಟ. ಮೊದಲ ಸ್ಥಾನದವರು ಒಂದು ಸುತ್ತು ಜಾಸ್ತಿ ಹಾಕಿ ನನ್ನ ಹಿಂದೆ ಬಂದಿದ್ದರು. ನನ್ನ ದಾರಿಯಲ್ಲಿ ನಾನು ಹೋದೆ. ಅವರು ಸುಮ್ನೆ ಪಕ್ಕದಿಂದ ದಾಟಿ, ಕಿಟಕಿಯ ಬಲೆಯ ಹಿಂದಿನಿಂದ ಕೈ ಎತ್ತಿದರು.

ರೇಸ್ ಮುಗಿಯಿತು ಅನ್ನುವ ಚೌಕುಳಿ ಬಾವುಟ ಬಿದ್ದ ಮೇಲೆ ಇನ್ನೊಂದು ಸುತ್ತು ನಿಧಾನವಾಗಿ ಹೋಗಬೇಕು. ಎಂಜಿನ್, ಬ್ರೇಕ್ ತಣ್ಣಗಾಗಲಿ ಅಂತ. ಆಗ ಚಾಲಕರೆಲ್ಲ ಪ್ರತಿ ಪೋಸ್ಟಿಗೂ ಕೈ ಬೀಸುತ್ತಾರೆ. ಪ್ಯಾಡಕ್ ಹಿಲ್‌ನಲ್ಲಿ ನಿನ್ನೆಯ ಪೋಸ್ಟು ಬಂತು. ಕಿತ್ತಳೆ ಉಡುಪಿನ ಇಬ್ಬರು ನಿಂತಿದ್ದರು. ನಾನು ಕೈ ಎತ್ತಿದೆ. ಅವರಲ್ಲಿ ಒಬ್ಬರು ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು, ಬೇಡ ಅನ್ನುವ ಹಾಗೆ ಕೈಯಾಡಿಸಿ ನಕ್ಕರು. ಆಮೇಲೆ ಹಳದಿ ಬಾವುಟವನ್ನು ಬಿಗಿಯಾಗಿ ಕೋಲಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಅವರ ಮುಂದೆ ಆ ದಿನ ಇನ್ನೂ ನಾಲ್ಕು ರೇಸ್ ಇತ್ತು.